ಪರಿಹಾರ: ಕೊಡುವುದೋ, ಕಂಡುಕೊಳ್ಳುವುದೋ

‘ಪರಿಹಾರ’ದಷ್ಟು ದುಡಿಯುವ ಪದಗಳು ಕನ್ನಡದಲ್ಲಿ ಕಡಿಮೆ. ಬೆಳೆ ಕಳೆದುಕೊಂಡ ರೈತ ತಾಲ್ಲೂಕು ಕಚೇರಿಯಲ್ಲಿ ಕೇಳುವುದು ಪರಿಹಾರ, ಜಾತಕ ಹಿಡಿದು ಬಂದವರಿಗೆ ಜ್ಯೋತಿಷಿ ಹೇಳುವುದೂ ಪರಿಹಾರವೇ. ಹಳೆಯ ದಾನಶಾಸನಗಳಲ್ಲಿ ‘ಸರ್ವಬಾಧಾಪರಿಹಾರ’ವಾಗಿ ಭೂಮಿ ಕೊಟ್ಟರೆ, ಅದಕ್ಕೆ ತೆರಿಗೆಯ ಕಾಟವಿಲ್ಲ ಎಂದರ್ಥ. ತೊಲಗಿಸುವುದು, ನಿವಾರಿಸುವುದು ಪದದ ಮೂಲಗುಣ. ಈಗ ಪತ್ರಿಕೆಯಲ್ಲಿ ‘ಪರಿಹಾರ’ ಕಂಡರೆ ಸಾಕು, ಎಷ್ಟು ಲಕ್ಷ ಎಂದು ಹುಡುಕುತ್ತೇವೆ.

2004ರ ಡಿಸೆಂಬರ್ 26ರ ಸುನಾಮಿ ಈ ಪದವನ್ನು ಒರೆಗೆ ಹಚ್ಚಿತು. ಸುಮಾತ್ರಾದ ಬಳಿ ಕಡಲತಳ ಕುಸಿದೆದ್ದು ಹೊರಟ ಅಲೆಗಳು 14 ದೇಶಗಳಲ್ಲಿ ಸುಮಾರು 2.3 ಲಕ್ಷ ಜನರನ್ನು ಬಲಿ ತೆಗೆದುಕೊಂಡವು. ಜಗತ್ತು ಮರುಗಿತು, ಧಾರಾಳವಾಗಿ ಕೊಟ್ಟಿತು. ತನ್ನದೇ ಕರಾವಳಿಯಲ್ಲಿ ಹೆಣಗಳನ್ನು ಹುಡುಕುತ್ತಿದ್ದ ಭಾರತ ಶ್ರೀಲಂಕಾ, ಮಾಲ್ದೀವ್ಸ್‌ಗೆ ನೌಕಾಪಡೆಯ ಹಡಗುಗಳನ್ನು ಕಳಿಸಿತು. ಸಮುದ್ರ ಸಮೀಕ್ಷೆಯ ‘ನಿರೂಪಕ್’ ಆಸ್ಪತ್ರೆ ಹಡಗಾಗಿ ಇಂಡೊನೇಷ್ಯಾಕ್ಕೆ ಹೋಯಿತು. ನೆನೆದರೆ ಇಂದಿಗೂ ಎದೆ ತುಂಬುತ್ತದೆ.

ಆದರೆ ತಮಿಳುನಾಡಿನ ನಾಗಪಟ್ಟಿಣದ ರಸ್ತೆ ಬದಿಯನ್ನೂ ನೆನೆಯಬೇಕು. ಅಲ್ಲಿ ಲಾರಿಗಟ್ಟಲೆ ಹಳೆ ಬಟ್ಟೆ ಸುರಿದಿತ್ತು. ಮೀನುಗಾರ ಕುಟುಂಬಗಳು ಅದನ್ನು ಬೇಡವೆಂದವು. ಮೊನ್ನೆ ಮೊನ್ನೆಯವರೆಗೆ ದುಡಿದು ತಿಂದವರು ಯಾರೋ ಉಟ್ಟು ಬಿಟ್ಟಿದ್ದನ್ನು ಯಾಕೆ ಉಡಬೇಕು? ಇಂಡೊನೇಷ್ಯಾದ ಅಚೆ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧಿ ಬಂತು. ಬಹುಪಾಲು ಡಬ್ಬಿಗಳ ಮೇಲಿನ ಭಾಷೆ ಅಲ್ಲಿಯವರಿಗೆ ಓದಲು ಬಾರದ್ದು. ತಮಿಳುನಾಡಿನ ಎಷ್ಟೋ ಕಡೆ ಮೊದಲಿದ್ದುದಕ್ಕಿಂತ ಹೆಚ್ಚು ಫೈಬರ್ ದೋಣಿಗಳನ್ನು ಹಂಚಿದರು. ದೋಣಿ ಹೆಚ್ಚಿದರೆ ಮೀನು ಹೆಚ್ಚುತ್ತದೆಯೇ? ಬುಟ್ಟಿ ಹೊತ್ತು ಮೀನು ಮಾರುತ್ತಿದ್ದ ಹೆಂಗಸರ ನಷ್ಟವಂತೂ ಮೊದಮೊದಲು ಲೆಕ್ಕಕ್ಕೇ ಬರಲಿಲ್ಲ.

ಈ ಪದದ ಜೊತೆ ಬರುವ ಕ್ರಿಯಾಪದ ನೋಡಿ. ಹಣದ ಪರಿಹಾರವನ್ನು ಕೊಡುತ್ತೇವೆ, ಹಂಚುತ್ತೇವೆ, ಘೋಷಿಸುತ್ತೇವೆ. ಸಮಸ್ಯೆಯ ಪರಿಹಾರವನ್ನಾದರೆ ಕಂಡುಕೊಳ್ಳುತ್ತೇವೆ. ಕೊಡಲು ಕೊಡುವವರಷ್ಟೇ ಸಾಕು, ಕಂಡುಕೊಳ್ಳಲು ನೊಂದವರೂ ಜೊತೆಗೆ ಕೂರಬೇಕು. ಅಚೆಯಲ್ಲಿ ಅದು ನಡೆಯಿತು. ಮೂವತ್ತು ವರ್ಷಗಳ ಹತ್ತಿರ ಕಾದಾಡಿದ್ದ ಸರ್ಕಾರ ಮತ್ತು ಬಂಡುಕೋರರು 2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಶ್ರೀಲಂಕಾಕ್ಕೂ ನೆರವು ಹರಿದುಬಂದಿತ್ತು. ಆದರೆ ಅದನ್ನು ಹಂಚಿಕೊಳ್ಳಲು ಸರ್ಕಾರ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಜೊತೆ ಮಾಡಿಕೊಂಡ ಏರ್ಪಾಡಿಗೆ ಅಲ್ಲಿನ ಸುಪ್ರೀಂ ಕೋರ್ಟ್‌ನಿಂದ ತಡೆ ಬಿತ್ತು, ಮರುವರ್ಷ ಯುದ್ಧ ಮರಳಿತು.

ನಮ್ಮಲ್ಲೂ ಮಳೆಗಾಲದಲ್ಲಿ ಗಂಜಿ ಕೇಂದ್ರಗಳು ತೆರೆಯುತ್ತವೆ. ಸರ್ಕಾರ ಈಗ ಅವನ್ನು ‘ಕಾಳಜಿ ಕೇಂದ್ರ’ ಎಂದು ಕರೆಯುತ್ತಿದೆ, ಒಳ್ಳೆಯ ಹೆಸರು. ಮುಂದಿನ ಸಲ ನೆರೆ ಬಂದಾಗ, ಬೀರುವಿನಿಂದ ಹಳೆ ಬಟ್ಟೆ ತೆಗೆದು ಗಂಟು ಕಟ್ಟುವ ಮೊದಲು ಅಲ್ಲಿರುವವರಿಗೆ ಒಂದು ಫೋನ್ ಮಾಡಿ. ಏನು ಬೇಕೆಂದು ಕೇಳಿ, ಅದನ್ನೇ ಕಳಿಸಿ.