ಉಳಿ ಹಿಡಿದವರ ಹೆಸರು

ಹಿಂದೆ ಮಕ್ಕಳು ಪಾಟಿಯ ಮೇಲೆ ಅಕ್ಷರ ತಿದ್ದುತ್ತಿದ್ದ ಬಳಪದ ಜಾತಿಯದೇ ಕಲ್ಲು ಬೇಲೂರು, ಹಳೇಬೀಡುಗಳ ಗುಡಿಗಳದ್ದು. ನೆಲದಿಂದ ತೆಗೆದಾಗ ಮೆದುವಾಗಿರುವ ಇದು ಗಾಳಿಗೆ ಒಡ್ಡಿದಂತೆ ಗಡುಸಾಗುತ್ತದೆ. ಹೊಯ್ಸಳರ ರೂವಾರಿಗಳು ಬಳೆ, ಸರ, ಬಳ್ಳಿಗಳನ್ನು ಅಷ್ಟು ನವಿರಾಗಿ ಬಿಡಿಸಲು ಈ ಗುಣವೇ ಕಾರಣ. ಗಟ್ಟಿ ಕಣಶಿಲೆ ಅದಕ್ಕೆ ಸುಲಭವಾಗಿ ಒಗ್ಗುತ್ತಿರಲಿಲ್ಲ.

ಕಲ್ಲಿಗಿಂತ ಸೋಜಿಗದ ಸಂಗತಿ ಇನ್ನೊಂದಿದೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮದನಿಕೆಯರ ಅಡಿಯಲ್ಲಿ ಹೆಸರು ಕೆತ್ತಿದ್ದಾರೆ. ನಾಡಿನ ಎಷ್ಟೋ ಗುಡಿಗಳಲ್ಲಿ ಕಟ್ಟಿಸಿದ ಅರಸನ ಹೆಸರುಂಟು, ಉಳಿ ಹಿಡಿದವನದಿಲ್ಲ! ಹಳೇಬೀಡಿನ ಗೋಡೆಗಳಲ್ಲೂ ಹಲವರ ಸಹಿಗಳಿವೆ. ಗುಡಿ ಒಬ್ಬನ ಕೆಲಸವಲ್ಲ, ಆದರೂ ಒಬ್ಬೊಬ್ಬನ ಕೈ ಬೇರೆಯಾಗಿ ಗುರುತಿಗೆ ಸಿಗುತ್ತದೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿ ಸೇರಿದವು. ನಕ್ಷತ್ರಾಕಾರದ ಮಂಟಪವಿರುವ, 1220ರ ಅರಸೀಕೆರೆಯ ಈಶ್ವರ ಗುಡಿ ಅದರಲ್ಲಿಲ್ಲ.