‘ಲೋವರ್’ ಎಂದರೆ ತಗ್ಗಲ್ಲ: ನ್ಯೂ ಆರ್ಲಿಯನ್ಸ್‌ನ ಒಂದು ಜೌಗು, ಒಂದು ಬಡಾವಣೆ

ನ್ಯೂ ಆರ್ಲಿಯನ್ಸ್‌ನ ಕಪ್ಪುಜನರ ಬಡಾವಣೆ ಲೋವರ್ ನೈನ್ತ್ ವಾರ್ಡ್. ಆ ಹೆಸರಿನ ‘ಲೋವರ್’ ನೆಲದ ತಗ್ಗನ್ನು ಹೇಳುವುದಿಲ್ಲ. ಮಿಸಿಸಿಪ್ಪಿಯ ಹರಿವಿನಲ್ಲಿ ಅದು ಕೆಳದಿಕ್ಕಿಗಿದೆ ಎಂದಷ್ಟೇ ಅರ್ಥ. 2005ರ ಕತ್ರಿನಾ ಚಂಡಮಾರುತದ ನಂತರದ ಚರ್ಚೆಗಳಲ್ಲಿ ಈ ವ್ಯತ್ಯಾಸ ಮಸುಕಾಯಿತು. ಆದರೆ ಬಿಳಿಯರೇ ಹೆಚ್ಚಾಗಿದ್ದ ಲೇಕ್‌ವ್ಯೂ ಕೂಡ ಸಮುದ್ರಮಟ್ಟಕ್ಕಿಂತ ಕೆಳಗಿತ್ತು, ಅದೂ ಆಳವಾಗಿ ಮುಳುಗಿತ್ತು. ಅಸಮಾನತೆಯನ್ನು ಅಳೆಯಲು ನೆಲದ ಎತ್ತರವೊಂದೇ ಸಾಲದು. ನೀರು ಬಂದ ದಾರಿಯನ್ನೂ ನೀರಿಳಿದ ಮೇಲೆ ಹಣ ಹಂಚಿದ ಬಗೆಯನ್ನೂ ನೋಡಬೇಕು.

ಬಡಾವಣೆಯ ಹಿಂದೆಯೇ ಬಯೂ ಬಿಯೆನ್ವೆನ್ಯೂ ಎಂಬ ಜೌಗಿದೆ. ಒಂದು ಕಾಲಕ್ಕೆ ಅದು ಸಿಹಿನೀರಿನ ಸೈಪ್ರೆಸ್ ಕಾಡು. ನಿವಾಸಿಗಳು ಮೀನು ಹಿಡಿಯುತ್ತಿದ್ದ ಜಾಗ. ಹಡಗುಗಳಿಗೆ ಹತ್ತಿರದ ದಾರಿ ಬೇಕೆಂದು ಸೇನೆಯ ಎಂಜಿನಿಯರುಗಳ ದಳ 1958ರಲ್ಲಿ ಅಗೆಯತೊಡಗಿದ, ಸುಮಾರು 122 ಕಿ.ಮೀ. ಉದ್ದದ ಕಾಲುವೆ (ಜನರ ಬಾಯಲ್ಲಿ ‘ಮಿಸ್ಟರ್ ಗೋ’) ಕೊಲ್ಲಿಯ ಉಪ್ಪುನೀರನ್ನು ಒಳಕ್ಕೆ ತಂದಿತು. ಮರಗಳು ನಿಂತಲ್ಲೇ ಸತ್ತವು. ಉಳಿದದ್ದು ಸವುಳು ನೀರು, ನಡುನಡುವೆ ಬೊಡ್ಡೆಗಳು. ಅಲೆಯ ರಭಸ ಮುರಿಯಬಲ್ಲ ಕಾಡು ಹೀಗೆ ಸರ್ಕಾರಿ ಕಾಮಗಾರಿಯಲ್ಲೇ ಹೋಯಿತು. ನಿರೀಕ್ಷಿಸಿದಷ್ಟು ಹಡಗುಗಳೂ ಬರಲಿಲ್ಲ. 2009ರಲ್ಲಿ ಕಾಲುವೆಯನ್ನು ಬಂಡೆ ಸುರಿದು ಮುಚ್ಚಿದರು.

2006ರ ಆರಂಭದಲ್ಲಿ ನಗರದ ಪುನರ್ನಿರ್ಮಾಣ ನಕ್ಷೆಯೊಂದು ಕೆಲವು ವಸತಿ ಪ್ರದೇಶಗಳ ಮೇಲೆ ಹಸಿರು ಚುಕ್ಕೆಗಳನ್ನಿಟ್ಟಿತು: ಮುಂದೆ ಉದ್ಯಾನವಾಗಬಹುದಾದ ಜಾಗಗಳು. ಯೋಜಕರ ಜಲವಿಜ್ಞಾನವೇನೂ ಸುಳ್ಳಲ್ಲ. ಆದರೂ ಕಪ್ಪುಜನರಿಗೆ ಆ ಹಸಿರಿನಲ್ಲಿ ಕಂಡದ್ದು ಒಕ್ಕಲೆಬ್ಬಿಸುವಿಕೆ. ಆ ಭಯಕ್ಕೆ ಹಿನ್ನೆಲೆಯಿತ್ತು. 1927ರ ಪ್ರವಾಹದಲ್ಲಿ ನಗರವನ್ನುಳಿಸಲು ಕೆಳಪ್ರದೇಶದ ನದೀದಂಡೆಯನ್ನು ಡೈನಮೈಟ್ ಇಟ್ಟು ಒಡೆದದ್ದು ದಾಖಲಾದ ಸಂಗತಿ. 1965ರ ಬೆಟ್ಸಿ ಚಂಡಮಾರುತದಲ್ಲೂ ಹಾಗೇ ಮಾಡಿದರೆಂದು ವಾರ್ಡಿನ ಹಲವರು ನಂಬುತ್ತಾರೆ. ಎರಡನೆಯದಕ್ಕೆ ಪುರಾವೆಯಿಲ್ಲ. ಅದನ್ನು ಬರೀ ವದಂತಿಯೆಂದು ನಗುವವರು ಮೊದಲನೆಯದನ್ನು ಮರೆತಿರುತ್ತಾರೆ.

ಪರಿಹಾರದ ಲೆಕ್ಕ ಇನ್ನೂ ಸೂಕ್ಷ್ಮ. ಮನೆ ಮರುಕಟ್ಟಲು ನೆರವು ಕೊಡುತ್ತಿದ್ದ ‘ರೋಡ್ ಹೋಮ್’ ಯೋಜನೆ ಚಂಡಮಾರುತಕ್ಕೆ ಮುಂಚಿನ ಮನೆಬೆಲೆ, ದುರಸ್ತಿವೆಚ್ಚ ಇವೆರಡರಲ್ಲಿ ಕಡಿಮೆಯದನ್ನೇ ಆಧಾರವಾಗಿಟ್ಟುಕೊಂಡಿತು. ಗೋಡೆ ಕಟ್ಟುವ ಖರ್ಚು ಎಲ್ಲ ಕಡೆಯೂ ಒಂದೇ. ಕಪ್ಪುಜನರ ಬೀದಿಯಲ್ಲಿ ಮನೆಬೆಲೆ ಮಾತ್ರ ಕಡಿಮೆ. ಸೂತ್ರದಲ್ಲಿ ಬಣ್ಣದ ಹೆಸರಿಲ್ಲ, ಫಲದಲ್ಲಿತ್ತು. ಇದರ ವಿರುದ್ಧ 2008ರಲ್ಲಿ ಹೂಡಿದ ಮೊಕದ್ದಮೆ 2011ರಲ್ಲಿ ಸುಮಾರು 6.2 ಕೋಟಿ ಡಾಲರಿನ ಒಪ್ಪಂದಕ್ಕೆ ಬಂತು. ಅಷ್ಟರಲ್ಲಿ, 2000ದಲ್ಲಿ ಸುಮಾರು 14 ಸಾವಿರವಿದ್ದ ವಾರ್ಡಿನ ಜನಸಂಖ್ಯೆ 2010ಕ್ಕೆ ಮೂರು ಸಾವಿರಕ್ಕೂ ಕಡಿಮೆಯಾಗಿತ್ತು. ಸ್ವಂತ ಮನೆಯುಳ್ಳವರ ಪ್ರಮಾಣ ನಗರದ ಸರಾಸರಿಗಿಂತ ಹೆಚ್ಚಿದ್ದ ಜಾಗವದು.

ಮರಳಿ ಬಂದವರಲ್ಲಿ ಕೆಲವರು ಜೌಗಿನ ಮರುಹುಟ್ಟಿಗೇ ದುಡಿಯುತ್ತಿದ್ದಾರೆ. ಬಡಾವಣೆಗೂ ನೀರಿಗೂ ನಡುವೆ ಉಕ್ಕಿನ ತಡೆಗೋಡೆಯಿದೆ. ಅದರಾಚೆ ನೋಡಲೆಂದು ಮರದ ಅಟ್ಟಣೆಯೊಂದನ್ನು ಕಟ್ಟಿದ್ದಾರೆ. ಅಲ್ಲಿ ನಿಂತರೆ ಮುಂದೆ ಸತ್ತ ಸೈಪ್ರೆಸ್‌ಗಳ ಬೊಡ್ಡೆ, ಹಿಂದೆ ಹುಲ್ಲು ಬೆಳೆದ ಖಾಲಿ ನಿವೇಶನಗಳು.