ತುಡುವೆ ಜೇನು: ಕೊಡಗಿನ ಸಹಕಾರದ ಒಂದು ಹಿನ್ನೋಟ

ನಮ್ಮ ಸಂಘವು ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಸಂದರ್ಭದಲ್ಲಿ, ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಹೆಸರಿಲ್ಲದ ಒಬ್ಬ ಸದಸ್ಯನ ಬಗ್ಗೆ ನಾಲ್ಕು ಮಾತು ಬರೆಯುವಾ ಅಂತ ಕೂತಿದ್ದೇನೆ. ಷೇರು ಹಣ ಕಟ್ಟದೆ, ಡಿವಿಡೆಂಡೂ ಕೇಳದೆ ದುಡಿಯುವ ಆ ಸದಸ್ಯ ನಮ್ಮ ತುಡುವೆ ಜೇನು.

ಹೆಜ್ಜೇನು ಎತ್ತರದ ಮರಕ್ಕೆ, ಬಂಡೆಗೆ ಬಯಲಲ್ಲೇ ಒಂದು ದೊಡ್ಡ ಎರಿ ಕಟ್ಟುತ್ತದೆ. ಕೋಲುಜೇನು ಪೊದೆಯ ಕಡ್ಡಿಗೆ ಅಂಗೈಯಗಲದ್ದು ಕಟ್ಟುತ್ತದೆ. ಇವೆರಡನ್ನೂ ಪೆಟ್ಟಿಗೆಯಲ್ಲಿ ಸಾಕಲು ಬರುವುದಿಲ್ಲ. ತುಡುವೆ ಹಾಗಲ್ಲ. ಮರದ ಪೊಟರೆ, ಹುತ್ತ, ಗೋಡೆಯ ಬಿರುಕು ಇಂಥ ಕತ್ತಲೆಯ ಜಾಗದಲ್ಲಿ ಸಾಲಾಗಿ ಹಲವು ಎರಿ ಕಟ್ಟುತ್ತದೆ. ಪೊಟರೆಯಂಥ ಪೆಟ್ಟಿಗೆ ಕೊಟ್ಟರೆ ಒಪ್ಪಿಕೊಳ್ಳುತ್ತದೆ. ಕೊಡಗಿನ ಜೇನು ಸಾಕಣೆಯೆಲ್ಲ ಬೆಳೆದದ್ದು ಈ ಒಂದು ಗುಣದ ಮೇಲೆ.

ಹಿಂದಿನವರು ಪೊಟರೆಗೆ ಹೊಗೆ ಹಾಕಿ, ಎರಿಯನ್ನು ಮೊಟ್ಟೆ ಮರಿ ಸಮೇತ ಹಿಂಡಿ ತುಪ್ಪ ತೆಗೆಯುತ್ತಿದ್ದರು. ತುಪ್ಪ ಸಿಕ್ಕಿತು, ಸಂಸಾರ ಹೋಯಿತು! 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ, ಎರಿಗಳ ನಡುವೆ ಹುಳ ಓಡಾಡುವಷ್ಟೇ ಸಂದು ಬಿಟ್ಟರೆ ಚೌಕಟ್ಟುಗಳನ್ನು ಎತ್ತಿ ಇಡಬಹುದೆಂದು ಕಂಡುಕೊಂಡ. ಆದರೆ ಆ ಪೆಟ್ಟಿಗೆ ನಮ್ಮ ಸಣ್ಣ ಹುಳಕ್ಕೆ ತೀರಾ ದೊಡ್ಡದು. ಅದನ್ನು ನಮ್ಮ ಜೇನಿಗೆ ತಕ್ಕಂತೆ ಚಿಕ್ಕದು ಮಾಡಿದವರು ನ್ಯೂಟನ್ ಎಂಬ ಇನ್ನೊಬ್ಬ ಪಾದ್ರಿ. 1911ರಿಂದ 1917ರವರೆಗೆ ದಕ್ಷಿಣದ ಹಳ್ಳಿಗರಿಗೆ ಅವರು ತರಬೇತಿ ಕೊಟ್ಟರು. ನ್ಯೂಟನ್ ಪೆಟ್ಟಿಗೆ ಅಂತ ಈಗಲೂ ಹೇಳುವುದುಂಟು.

ಕೊಡಗು ಪ್ರತ್ಯೇಕ ಪ್ರಾಂತ್ಯವಾಗಿದ್ದ ಕಾಲದಲ್ಲೇ, 1936ರಲ್ಲಿ, ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತು. ಮನೆಯ ಹಿತ್ತಲಲ್ಲಿ ಎರಡು ಪೆಟ್ಟಿಗೆ ಇಟ್ಟವನೂ ಮಧ್ಯವರ್ತಿಯ ಬಾಯಿಗೆ ಬೀಳದೆ ತುಪ್ಪ ಮಾರಲು ದಾರಿಯಾಯಿತು. ಕೊಡಗಿನ ಜೇನು ಎಂಬ ಹೆಸರು ದೂರದೂರಿಗೆ ಹೋಯಿತು.

ಇಷ್ಟೆಲ್ಲ ಆದರೂ ನಾವು ಲೆಕ್ಕ ಇಟ್ಟದ್ದು ತುಪ್ಪಕ್ಕೆ ಮಾತ್ರ. ಏಲಕ್ಕಿ ಹೂವು ಬೆಳಗಿನ ಜಾವ ಅರಳುತ್ತದೆ, ಅದರ ಬಾಳು ಒಂದೇ ದಿನ. ಅಷ್ಟರಲ್ಲಿ ಜೇನು ಬಂದು ಹೋದರೆ ಕಾಯಿ, ಇಲ್ಲವಾದರೆ ಉದುರಿತು. ಅರೇಬಿಕಾ ಕಾಫಿ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಗಾಳಿ ಸ್ವಲ್ಪ ತರುತ್ತದೆ, ಜೇನು ಸೇರಿದರೆ ಫಸಲು ಹೆಚ್ಚು. ಭತ್ತಕ್ಕೆ ಜೇನಿನ ಹಂಗಿಲ್ಲ, ನಿಜ. ಆದರೆ ಹಿತ್ತಲಿನ ಸೌತೆ, ಕುಂಬಳ, ಹಾಗಲಕ್ಕೆ ಬೇಕೇ ಬೇಕು.

ಇದು ನಮಗೆ ಮನವರಿಕೆಯಾದದ್ದು ಪೆಟ್ಟಿಗೆ ಬರಿದಾದ ಮೇಲೆ. 1976ರಲ್ಲಿ ಥಾಯ್ಲೆಂಡಿನಲ್ಲಿ ಗುರುತಿಸಿದ ಒಂದು ವೈರಸ್ ರೋಗ 1991-92ರ ಸುಮಾರಿಗೆ ದಕ್ಷಿಣ ಭಾರತಕ್ಕೆ ಹಬ್ಬಿತು. ಥಾಯ್ ಸ್ಯಾಕ್‌ಬ್ರೂಡ್ ಎಂದು ಅದರ ಹೆಸರು. ಮರಿಹುಳು ಗೂಡುಕಟ್ಟುವ ಮುಂಚೆಯೇ ನೀರು ತುಂಬಿದ ಚೀಲದಂತಾಗಿ, ಕೋಣೆಯಲ್ಲಿ ನೆಟ್ಟಗೆ ಚಾಚಿಕೊಂಡು ಸಾಯುತ್ತದೆ. ದೊಡ್ಡ ಹುಳ ಚೆನ್ನಾಗಿಯೇ ಕಾಣುತ್ತದೆ, ಹೊಸ ಹುಟ್ಟು ಮಾತ್ರ ಇಲ್ಲ. ಕ್ರಮೇಣ ಸಂಸಾರ ಕರಗಿ, ಉಳಿದವು ಪೆಟ್ಟಿಗೆ ಬಿಟ್ಟು ಹೋಗುತ್ತವೆ. ಮದ್ದಿಲ್ಲ. ಸಾಕಿದ ತುಡುವೆಯಲ್ಲಿ 100ಕ್ಕೆ 90ಕ್ಕೂ ಹೆಚ್ಚು ಸಂಸಾರ ನಾಶವಾದವೆಂದು ಆ ಕಾಲದ ಅಂದಾಜು. ಎಷ್ಟೋ ಮಂದಿ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದರು.

ಆಗ ಹಲವರು ಹೇಳಿದ್ದು, ಯುರೋಪಿನ ಮೆಲ್ಲಿಫೆರಾ ಜೇನು ತರೋಣ ಅಂತ. ಅದು ತುಪ್ಪ ಹೆಚ್ಚು ಕೊಡುತ್ತದೆ, ಒಪ್ಪುವಾ. ಆದರೆ ಹೂವಿದ್ದಲ್ಲಿಗೆ ಲಾರಿಯಲ್ಲಿ ಸಾಗಿಸಬೇಕು, ಹೂವಿಲ್ಲದಾಗ ಸಕ್ಕರೆ ಪಾನಕ ಕೊಡಬೇಕು. ವರ್ರೋವಾ ಎಂಬ ನುಸಿ ಬೇರೆ. ಆ ನುಸಿ ಮೂಲತಃ ನಮ್ಮ ತುಡುವೆಯದ್ದೇ. ತುಡುವೆ ಅದನ್ನು ಒರೆಸಿ, ಕಿತ್ತು ಬದುಕಲು ಕಲಿತಿದೆ. ಎರಡು ಪೆಟ್ಟಿಗೆಯ ಸಣ್ಣ ರೈತನಿಗೆ ಮೆಲ್ಲಿಫೆರಾ ಹೇಳಿಸಿದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ತುಡುವೆ ಮತ್ತೆ ಬಂದದ್ದು ಕಾಡಿನಿಂದ. ರೋಗ ತಡೆದುಕೊಂಡು ಉಳಿದ ಸಂಸಾರಗಳು ಪೊಟರೆಗಳಲ್ಲಿ ಹೆಚ್ಚಿದವು, ಅಲ್ಲಿಂದ ಹಿಡಿದು ಜನ ಪೆಟ್ಟಿಗೆ ತುಂಬಿಕೊಂಡರು. ಹಾಗಾಗಿ ತೋಟದ ಹಳೇ ಪೊಳ್ಳು ಮರ ಸೌದೆಗೆ ಹೋದರೆ ನಮ್ಮ ಬಿತ್ತನೆ ಬೀಜವೇ ಹೋದಂತೆ. ನಮ್ಮ ಸಂಘದ ಅಂಗಡಿಯಲ್ಲೂ ಕೀಟನಾಶಕ ಮಾರುತ್ತೇವೆ. ಬಾಟಲಿ ಕೊಡುವಾಗ, ಹೂವಿರುವಾಗ ಹೊಡೆಯಬೇಡಿ, ಹೊಡೆಯಲೇಬೇಕಾದರೆ ಹುಳ ಗೂಡು ಸೇರಿದ ಮೇಲೆ ಸಂಜೆ ಹೊಡೆಯಿರಿ ಅಂತ ಗುಮಾಸ್ತರು ಒಂದು ಮಾತು ಹೇಳಲಿ. ಇದನ್ನು ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಆಡಳಿತ ಮಂಡಳಿಯಲ್ಲಿ ನನ್ನ ವಿನಂತಿ.